ಮಗಳಿಗೊಂದು ಪತ್ರ: ಮತ್ತೆ ಬಿದ್ದ ಮೇಲೆ ತಿರುಗಿ ಬರುವ ದಾರಿ

ಕೋಲಾರ

ಪ್ರೀತಿಯ ಮಗಳೇ,

ಫೋನಿನ ಆ ಕಾರ್ಡ್ ಆಟಕ್ಕೆ ಮತ್ತೆ ದುಡ್ಡು ಹಾಕಿದೆ, ಈಗ ಯಾವ ಮುಖ ಇಟ್ಟುಕೊಂಡು ಪ್ರಾರ್ಥನೆಗೆ ಕೂರಲಿ ಎಂದು ಕೇಳಿದ್ದೀಯಲ್ಲ. ಈಗಿರುವ ಮುಖದಲ್ಲೇ ಕೂರು ಕಂದ, ಇವತ್ತೇ ರಾತ್ರಿ. ಒಂದು ವಾರ ಆಡದೆ ಇದ್ದು, ಸ್ವಲ್ಪ ಸರಿಹೋಗಿ ಆಮೇಲೆ ದೇವರ ಹತ್ತಿರ ಹೋಗುತ್ತೇನೆ ಅನ್ನುವ ಲೆಕ್ಕಾಚಾರವೇ ಹಿಂಜಾರಿದವರನ್ನು ತಿಂಗಳುಗಟ್ಟಲೆ ಹೊರಗೆ ನಿಲ್ಲಿಸುವುದು. ಆ ವಾರದಲ್ಲಿ ಪ್ರಾರ್ಥನೆಯೂ ಇರುವುದಿಲ್ಲ, ಸಭೆಯೂ ಇರುವುದಿಲ್ಲ, ನಾಚಿಕೆ ಒಂದೇ ಇರುತ್ತದೆ. ಅದರ ಸಂಕಟ ತಡೆಯಲಾರದೆ ಕೈ ಮತ್ತೆ ಫೋನಿಗೇ ಹೋಗುತ್ತದೆ.

ಲೂಕ 15 ತೆಗೆದು ನಿಧಾನವಾಗಿ ಓದು. ತಂದೆಯ ಆಸ್ತಿ ಹಾಳುಮಾಡಿ ಹಂದಿ ಮೇಯಿಸುತ್ತಿದ್ದ ಆ ಮಗ ತಂದೆಗೆ ಹೇಳಬೇಕೆಂದು ಮೂರು ಮಾತು ಸಿದ್ಧಮಾಡಿಕೊಳ್ಳುತ್ತಾನೆ: ಪಾಪ ಮಾಡಿದ್ದೇನೆ, ನಿನ್ನ ಮಗ ಅನ್ನಿಸಿಕೊಳ್ಳುವ ಯೋಗ್ಯತೆ ನನಗಿಲ್ಲ, ನನ್ನನ್ನು ಕೂಲಿಯವನ ಹಾಗೆ ಇಟ್ಟುಕೋ. ಇದು 18, 19ನೇ ವಚನ. 21ನೇ ವಚನದಲ್ಲಿ ತಂದೆಯ ಎದುರು ನಿಂತಾಗ ಮೊದಲ ಎರಡು ಮಾತು ಮಾತ್ರ ಆಗುತ್ತವೆ. ಅಷ್ಟರಲ್ಲೇ ತಂದೆ ಆಳುಗಳನ್ನು ಕರೆದು ನಿಲುವಂಗಿ, ಉಂಗುರ, ಕಾಲಿಗೆ ಜೋಡು ತರಿಸುತ್ತಾನೆ. ಕೂಲಿಯ ಮಾತು ಬರುವುದೇ ಇಲ್ಲ. ಬಿದ್ದವರು ಸಾಮಾನ್ಯವಾಗಿ ಶುರುಮಾಡುವುದು ಆ ಮೂರನೆಯದರಿಂದಲೇ: ನಲವತ್ತು ದಿನ ಉಪವಾಸ, ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಎರಡು ಗಂಟೆ ಪ್ರಾರ್ಥನೆ, ದಶಮಾಂಶದ ಎರಡರಷ್ಟು ಕಾಣಿಕೆ. ಶಿಫ್ಟಿನಲ್ಲಿ ದುಡಿಯುವ ದೇಹ ಅದನ್ನು ಎಷ್ಟು ದಿನ ತಾಳೀತು? ವಾರದೊಳಗೆ ಹರಕೆ ಮುರಿಯುತ್ತದೆ, ಹಳೆಯ ಪಾಪದ ಮೇಲೆ ಹರಕೆ ಮುರಿದ ಭಾರವೂ ಸೇರುತ್ತದೆ. ಯಾವ ಹರಕೆಯನ್ನೂ ಹೊರಬೇಡ. ಮೊದಲ ಎರಡು ಮಾತು ಹೇಳು.

ಹೇಳುವಾಗ ಬಿಡಿಸಿ ಹೇಳು. "ನನ್ನ ಪಾಪಗಳನ್ನೆಲ್ಲ ಕ್ಷಮಿಸು ಕರ್ತನೇ" ಅನ್ನುವುದು ಸುಲಭ, ಅದರಲ್ಲಿ ಏನನ್ನಾದರೂ ಬಚ್ಚಿಡಬಹುದು. ಒಂದು ಹಾಳೆ ತೆಗೆದುಕೊಂಡು ಯಾವ ದಿನ ಆಡಿದೆ, ಎಷ್ಟು ಕಳೆದೆ, ಆ ದುಡ್ಡು ಎಲ್ಲಿಂದ ತಂದೆ, ಯಾರಿಗೆ ಏನು ಸುಳ್ಳು ಹೇಳಿದೆ, ಎಲ್ಲ ಬರೆ. ರೂಮಿನ ಹುಡುಗಿಗೆ "ಅಮ್ಮನ ಆಸ್ಪತ್ರೆ ಖರ್ಚಿಗೆ" ಎಂದು ಹೇಳಿ 5,000 ತೆಗೆದುಕೊಂಡೆಯಲ್ಲ, ಅದೂ ಅದರಲ್ಲಿ ಇರಲಿ. ಗಟ್ಟಿಯಾಗಿ ಓದು. ಆಮೇಲೆ ಕೀರ್ತನೆ 51ನ್ನು ಪೂರ್ತಿ ಓದು, 19 ವಚನ. ಕೊನೆಗೆ 1 ಯೋಹಾನ 1:9. ಅಲ್ಲಿ ಕ್ಷಮೆ ನಿಂತಿರುವುದು ದೇವರ ನಂಬಿಗಸ್ತಿಕೆಯ ಮೇಲೆ, ನಿನ್ನ ಅಳುವಿನ ಮೇಲಲ್ಲ. ಕಣ್ಣೀರು ಬರಲಿಲ್ಲ ಅಂತ ಕ್ಷಮೆ ಸಿಗಲಿಲ್ಲವೇನೋ ಎಂದು ಹೆದರಬೇಡ.

ಕ್ಷಮೆ ಸಿಕ್ಕಿತು ಅಂದರೆ ಸಾಲ ತೀರಿತು ಅಂತಲ್ಲ. ರಾಜ ದಾವೀದ ತಪ್ಪೊಪ್ಪಿಕೊಂಡ ಕ್ಷಣವೇ ಪ್ರವಾದಿ ನಾತಾನ ಕ್ಷಮೆಯನ್ನು ಸಾರಿದ, ಆದರೂ ಪಾಪದ ಫಲ ಆ ಮನೆಯನ್ನು ಬಿಡಲಿಲ್ಲ. ಯಾಜಕಕಾಂಡ 6ರ ಪ್ರಕಾರ ಮೋಸದಿಂದ ತೆಗೆದುಕೊಂಡವನು ಐದನೇ ಒಂದು ಪಾಲು ಸೇರಿಸಿ ಹಿಂದಿರುಗಿಸಬೇಕು, 5,000ಕ್ಕೆ 6,000. ಸುಂಕದವನಾದ ಜಕ್ಕಾಯ ನಾಲ್ಕರಷ್ಟು ಕೊಡುತ್ತೇನೆ ಅಂದ. ಇದು ನಿನಗೆ ದಂಡ ಅಲ್ಲ, ಆದರೆ ಆ ಹುಡುಗಿಗೆ ನಿಜ ಹೇಳಿ, ತಿಂಗಳಿಗೆ ಇಷ್ಟು ಅಂತ ಮಾತು ಕೊಟ್ಟು ತೀರಿಸಲೇಬೇಕು. ಒಂದು ಸಾಲ ತೀರಿಸಲು ಇನ್ನೊಂದು ಲೋನ್ ಆಪ್‌ಗೆ ಕೈ ಹಾಕಬೇಡ. ಆಪ್‌ನವರು ಫೋಟೋ ಹಾಕುತ್ತೇವೆ, ಎಲ್ಲರಿಗೂ ಕರೆ ಮಾಡುತ್ತೇವೆ ಎಂದು ಹೆದರಿಸಿದರೆ ದುಡ್ಡು ಕಳಿಸದೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡು.

ಇನ್ನು ದಾರಿ ಮುಚ್ಚುವ ಕೆಲಸ. ಶರೀರದ ಆಸೆಗಳಿಗೆ ಅವಕಾಶ ಮಾಡಿಕೊಡಬೇಡಿ ಎಂದು ಪೌಲ ರೋಮಾಪುರ 13:14ರಲ್ಲಿ ಬರೆದದ್ದನ್ನು ನಾವು ಭಾವನೆಯ ಮಾತು ಅಂದುಕೊಂಡುಬಿಟ್ಟಿದ್ದೇವೆ, ಅದು ಕೈಯಿಂದ ಮಾಡಬೇಕಾದ ಕೆಲಸ. 2025ರ ಆಗಸ್ಟ್‌ನಲ್ಲಿ ಸಂಸತ್ತು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು, ದೊಡ್ಡ ಆಪ್‌ಗಳು ನಿಲ್ಲಿಸಿದವು. ಈಗ ಇದು ಟೆಲಿಗ್ರಾಂ ಲಿಂಕಿನಲ್ಲಿ ಬರುತ್ತದೆ. ಆಪ್ ಅಳಿಸಿದರೆ ಸಾಲದು, ಆ ಗುಂಪುಗಳಿಂದ ಹೊರಗೆ ಬಾ, ಲಿಂಕ್ ಕಳಿಸುವ ನಂಬರ್ ಬ್ಲಾಕ್ ಮಾಡು. ಗರಿಕೆಯ ಮೇಲಿನ ಎಲೆ ಕಿತ್ತರೆ ರಾಗಿ ಹೊಲ ಹಸನಾಗುವುದಿಲ್ಲ. ಸಂಬಳ ಬರುವ ಅಕೌಂಟಿನಿಂದ ಯುಪಿಐ ತೆಗೆದುಹಾಕು. ಬೇರೆ ಸಣ್ಣ ಅಕೌಂಟಿಗೆ ವಾರಕ್ಕೆ ಸಾವಿರ ಹಾಕಿಕೊಂಡು ಅದರಲ್ಲೇ ಖರ್ಚು ನಡೆಸು. ನೀನು ಜಾರುವುದು ಎರಡು ಹೊತ್ತಿನಲ್ಲಿ: ಸಂಬಳ ಆದ ದಿನ, ಮತ್ತು ಸೆಕೆಂಡ್ ಶಿಫ್ಟ್ ಮುಗಿಸಿ ಪೀಜಿಗೆ ಬಂದು ನಿದ್ದೆ ಹತ್ತದೆ ಮಲಗಿರುವಾಗ. ಆ ಹೊತ್ತಿನಲ್ಲಿ ಫೋನ್ ಹೊರಗಿನ ಹಾಲ್‌ನಲ್ಲಿ ಚಾರ್ಜಿಗೆ ಇರಲಿ, ಅಲಾರಂಗೆ ಒಂದು ಗಡಿಯಾರ ತಗೋ. ಬಿಟ್ಟ ಜಾಗ ಖಾಲಿ ಇರಬಾರದು. ಗುಡಿಸಿ ಖಾಲಿ ಬಿಟ್ಟ ಮನೆಗೆ ದೆವ್ವ ಏಳು ಮಂದಿಯನ್ನು ಕರೆದುಕೊಂಡು ಬಂದದ್ದನ್ನು ಯೇಸು ಮತ್ತಾಯ 12ರಲ್ಲಿ ಹೇಳಿದ್ದಾನೆ. ಮಲಗುವ ಮುಂಚೆ ಮಾರ್ಕನ ಸುವಾರ್ತೆ ದಿನಕ್ಕೊಂದು ಅಧ್ಯಾಯ, 16 ದಿನಕ್ಕೆ ಮುಗಿಯುತ್ತದೆ. ಹದಿನೈದು ನಿಮಿಷ ಸಾಕು, ಅದು ನಿಲ್ಲಬಾರದು ಅಷ್ಟೆ.

ಒಬ್ಬರಿಗೆ ಹೇಳಿಕೊಳ್ಳಬೇಕು, ಇದನ್ನು ತಪ್ಪಿಸಬೇಡ. ಯೇಸುವನ್ನು ಹಿಡಿದುಕೊಟ್ಟ ಯೂದನೂ ಪಶ್ಚಾತ್ತಾಪಪಟ್ಟ, ಬೆಳ್ಳಿ ನಾಣ್ಯ ಹಿಂದಿರುಗಿಸಿದ, ಆಮೇಲೆ ಒಬ್ಬನೇ ಹೋದ. ಯೇಸುವನ್ನು ಅರಿಯೆ ಎಂದ ಪೇತ್ರ ಬಿಕ್ಕಿ ಬಿಕ್ಕಿ ಅತ್ತ ಮೇಲೂ ಜೊತೆಯವರ ಸಂಗಡ ದೋಣಿಯಲ್ಲಿದ್ದ. ಯೇಸು ದಡದಲ್ಲಿ ಕಾಣಿಸಿದಾಗ ನೀರಿಗೆ ಧುಮುಕಲು ಅವನಿಗೆ ಸಾಧ್ಯವಾಯಿತು. ನೀನು ಆರಿಸಿಕೊಳ್ಳುವವರು ವಯಸ್ಸಿನಲ್ಲಿ ದೊಡ್ಡ ಹೆಂಗಸಾಗಿರಲಿ, ಗುಟ್ಟು ಕಾಯುವವರಾಗಿರಲಿ. ನನಗೆ ಹೇಳಿದ್ದು ಒಳ್ಳೆಯದೇ, ಆದರೆ ಅಮ್ಮನಿಗೆ ಮರುಗಿ ಮುಚ್ಚಿಹಾಕುವ ಆಸೆ ಇರುತ್ತದೆ. ಸಭೆಯ ಅಯ್ಯನವರ ಹೆಂಡತಿಯೋ ಸ್ತ್ರೀಯರ ಕೂಟದ ಹಿರಿಯರೋ ಆದರೆ ಮೇಲು. ಸಭೆಯ ವಾಟ್ಸಾಪ್ ಗುಂಪಿಗೆ ಮಾತ್ರ ಹಾಕಬೇಡ, ಅಲ್ಲಿ "ಪ್ರಾರ್ಥನಾ ವಿಷಯ" ಸಂಜೆಯೊಳಗೆ ಊರಿನ ವಿಷಯ ಆಗುತ್ತದೆ. ಪ್ರತಿ ಶನಿವಾರ ಮೂರೇ ಪ್ರಶ್ನೆ ಕೇಳಲು ಅವರಿಗೆ ಹೇಳು: ಆಡಿದೆಯಾ, ಸಾಲ ಮಾಡಿದೆಯಾ, ಈಗ ನನಗೆ ಹೇಳಿದ್ದು ನಿಜವಾ. ನಮ್ಮ ಉಜ್ಜೀವನ ಕೂಟಗಳಲ್ಲಿ ಸಾಕ್ಷಿ ಹೇಳಲು ನಿಲ್ಲುವವರು ಪೂರ್ತಿ ಗೆದ್ದವರು ಮಾತ್ರ. ಹೆಣಗುತ್ತಿರುವವರಿಗೆ ಅಲ್ಲಿ ಬಾಯಿಲ್ಲ. ಅದು ಸಭೆಯ ಕೊರತೆ ಅಂತ ನಾನು ಬಲವಾಗಿ ನಂಬಿದ್ದೇನೆ. ಅದನ್ನು ನೋಡಿ ನೀನೊಬ್ಬಳೇ ಹೀಗೆ ಅಂದುಕೊಳ್ಳಬೇಡ.

ಮತ್ತೆ ಬಿದ್ದರೆ? "ಹೇಗೂ ಬಿದ್ದಾಯಿತು" ಅನ್ನುವ ಮಾತು ತಲೆಗೆ ಬರುತ್ತದೆ, 500 ರೂಪಾಯಿ 5,000 ಆಗುವುದು ಆ ಮಾತಿನಿಂದ. ಅಲ್ಲಿಗೇ ನಿಲ್ಲಿಸಿ ಒಂದು ಗಂಟೆಯೊಳಗೆ ಆ ಹಿರಿಯರಿಗೆ ಫೋನ್ ಮಾಡು. ಆಮೇಲೆ ಯಾವ ಬೀಗ ಸಡಿಲವಾಯಿತು ನೋಡಿ ಅದನ್ನು ಬಿಗಿಮಾಡು. ನೀತಿವಂತ ಏಳು ಸಾರಿ ಬಿದ್ದರೂ ಏಳುತ್ತಾನೆ, ಜ್ಞಾನೋಕ್ತಿ 24:16.

ಇಷ್ಟು ಮಾಡಿಯೂ ಕೈ ತಡೆಯದಿದ್ದರೆ, ಬದುಕೇ ಸಾಕು ಅನ್ನಿಸಿದರಂತೂ ಆ ಕ್ಷಣವೇ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನ್, ಗೇಮಿಂಗ್ ಚಟಕ್ಕೆ ಶಟ್ ಕ್ಲಿನಿಕ್ ಎಂದೇ ಇದೆ. ಡಾಕ್ಟರ್ ಹತ್ತಿರ ಹೋದರೆ ವಿಶ್ವಾಸ ಕಡಿಮೆ ಅಂತ ಯಾರಾದರೂ ಅಂದರೆ ಕೇಳಬೇಡ. ನಮ್ಮ ಕೋಲಾರದಲ್ಲಿ ಸುವಾರ್ತೆ ಸಾರಿದ ಮೆಥೋಡಿಸ್ಟ್ ಮಿಷನ್‌ನವರೇ ಇ.ಟಿ.ಸಿ.ಎಂ. ಆಸ್ಪತ್ರೆಯನ್ನೂ ಕಟ್ಟಿದರು.

ಈ ಭಾನುವಾರ ಕರ್ತನ ಭೋಜನ ಇದೆ. ಅಯೋಗ್ಯಳು ಅಂತ ಹಿಂದಿನ ಬೆಂಚಿನಲ್ಲಿ ಕೂತುಬಿಡಬೇಡ. 1 ಕೊರಿಂಥ 11:28 ತನ್ನನ್ನು ಪರೀಕ್ಷಿಸಿಕೊಂಡು ರೊಟ್ಟಿ ತಿನ್ನಲಿ ಅನ್ನುತ್ತದೆ, ಪರೀಕ್ಷಿಸಿಕೊಂಡು ಎದ್ದು ಹೋಗಲಿ ಅನ್ನುವುದಿಲ್ಲ. ಪೌಲ ಅಲ್ಲಿ ಗದರಿದ್ದು ಬಡವರಿಗೆ ಕಾಯದೆ ಮೊದಲೇ ಉಂಡು ಮುಗಿಸಿದವರನ್ನು. ಶನಿವಾರ ಶಿಫ್ಟ್ ಮುಗಿಸಿಕೊಂಡು ನರಸಾಪುರದಿಂದ ನೇರ ಮನೆಗೆ ಬಾ. ಸಾಲದ ಪಟ್ಟಿ, ಬ್ಯಾಂಕಿನ ಪಾಸ್‌ಬುಕ್ ಎರಡನ್ನೂ ತಾ, ಊಟ ಆದ ಮೇಲೆ ಕೂತು ಯಾರಿಗೆ ಮೊದಲು ಕೊಡಬೇಕು ಬರೆಯೋಣ.

ನಿನ್ನ ಅಮ್ಮ