ಙ ಅಕ್ಷರಕ್ಕೆ ಕೊನೆಗೂ ಒಂದು ಹೆಸರು

ಲೋವರ್ ಹಟ್, ನ್ಯೂಜಿಲೆಂಡ್
ಆಗಸ್ಟ್ 9

ಪ್ರೀತಿಯ ಅಪ್ಪನಿಗೆ ನಮಸ್ಕಾರಗಳು.

ನಾವಿಲ್ಲಿ ಚೆನ್ನಾಗಿದ್ದೇವೆ. ಚಳಿ ಜಾಸ್ತಿ, ಗಾಳಿ ಅದಕ್ಕಿಂತ ಜಾಸ್ತಿ. ಅಮ್ಮನ ಮಂಡಿನೋವಿನ ವಿಷಯ ಭಾನುವಾರ ಫೋನಿನಲ್ಲಿ ಮಾತಾಡೋಣ. ಇವತ್ತು ಬರೆಯುತ್ತಿರುವುದು ಬೇರೆ ಸುದ್ದಿ.

ಒಂದನೇ ಕ್ಲಾಸಿನಲ್ಲಿ ನೀವು ಕ ಖ ಗ ಘ ಹೇಳಿಕೊಡುವಾಗ, ಙ ಬಂದ ಕೂಡಲೇ ಯಾರಾದರೊಬ್ಬರು ಕೇಳುತ್ತಿದ್ದರು: "ಸಾ, ಇದರಿಂದ ಶುರುವಾಗೋ ಪದ ಯಾವ್ದು?" ನೀವು "ಮುಂದಿನ ಅಕ್ಷರ ಹೇಳೋ" ಅಂತ ದಾಟಿಸಿಬಿಡುತ್ತಿದ್ದಿರಿ. ಈಗ ಸಿಕ್ಕಿದೆ ಅಪ್ಪ. ಙೊಯಿಙೊಯಿ ಪೇಫೈರಙಿ. ಇಲ್ಲಿನ ಮೂಲನಿವಾಸಿಗಳಾದ ಮಾವೋರಿ ಜನರ ಒಬ್ಬ ಹೆಂಗಸಿನ ಹೆಸರು. ನಾನು ಹೋಗುವ ಮಾವೋರಿ ಭಾಷೆಯ ಕ್ಲಾಸಿನಲ್ಲಿ ಉಳಿದವರು ತಿಣುಕಾಡುತ್ತಿದ್ದಾಗ ನನಗೆ ಮೊದಲ ಸಲಕ್ಕೇ ಬಂತು. ನಿಮ್ಮ ಪುಣ್ಯ!

"ಆ ಭಾಷೆ ಕಲಿತು ನಿನಗೇನು ಸಿಗುತ್ತೆ?" ಅಂತ ಹೋದ ಸಲ ಕೇಳಿದಿರಲ್ಲ. ಆಸ್ಪತ್ರೆಗೆ ಬರುವ ವಯಸ್ಸಾದ ಮಾವೋರಿಗಳನ್ನು ಅವರ ಹೆಸರು ಕೆಡಿಸದೆ ಕರೆಯೋಣ ಅಂತ ಸೇರಿದ್ದು. ಈಗ ಬುಧವಾರದ ಕ್ಲಾಸು ತಪ್ಪಿಸೋಕೆ ಮನಸ್ಸೇ ಬರುವುದಿಲ್ಲ.

ಪುಸ್ತಕ ಇಲ್ಲ, ಬೋರ್ಡಿಲ್ಲ. ಮೇಜಿನ ಮೇಲೆ ಬಣ್ಣದ ಕಡ್ಡಿಗಳು ಅಷ್ಟೇ. ಬಿಳಿಯದು ಒಂದು ಸೆಂಟಿಮೀಟರ್, ಕೆಂಪು ಎರಡು, ಹೀಗೆ ಬೆಳೆದು ಕಿತ್ತಳೆ ಬಣ್ಣದ್ದು ಹತ್ತು. ಕಲಿಸುವವರು ಒಂದನ್ನು ಎತ್ತಿ "ಹೆ ರಾಕೌ" ಅನ್ನುತ್ತಾರೆ, ಕಡ್ಡಿ. "ಹೆ ರಾಕೌ ಫೆರೊ", ಕೆಂಪು ಕಡ್ಡಿ. "ಹೊಮೈ ಟೆ ರಾಕೌ ಫೆರೊ", ಕೆಂಪು ಕಡ್ಡಿ ಕೊಡು. ಇಂಗ್ಲಿಷ್ ಆಡುವ ಹಾಗಿಲ್ಲ. ಪಕ್ಕದವರಿಗೆ ಉತ್ತರ ಹೇಳಿಕೊಡುವ ಹಾಗಿಲ್ಲ. ಯಾರಾದರೂ ತಡವರಿಸಿದರೆ ಉಳಿದವರು ಸುಮ್ನೆ ಕಾಯಬೇಕು. ಮೊದಲ ದಿನ ನಾನು ಕಡ್ಡಿ ಹಿಡಿದು ಬಾಯಿ ಕಟ್ಟಿದವಳ ಹಾಗೆ ನಿಂತಿದ್ದೆ. ಒಬ್ಬರೂ ನಗಲಿಲ್ಲ.

ನಕ್ಕಿದ್ದು ಟೀ ಹೊತ್ತಿನಲ್ಲಿ. ಇವರ ಭಾಷೆಯಲ್ಲಿ ಕೆಕೆ ಅಂದರೆ ಕೇಕು, ಕೇಕೇ ಅಂದರೆ ಕಂಕುಳು. ನಾನು ನಮ್ಮೂರಿನ ರೂಢಿಯಲ್ಲಿ ದೀರ್ಘ ಎಳೆದು, ಒಂದು ತುಂಡು ಕಂಕುಳು ಕೊಡಿ ಅಂತ ಕೇಳಿದ್ದೆ. ಹ್ರಸ್ವ ದೀರ್ಘಕ್ಕೆ ನಿಮ್ಮ ಹತ್ತಿರ ತಿಂದ ಏಟು ನೆನಪಾಯಿತು.

ಈ ಕಡ್ಡಿ ಪಾಠ ಕಟ್ಟಿದವರು ಆಗ ಹೇಳಿದ ಙೊಯಿಙೊಯಿ ಮತ್ತು ಕಾಟೆರಿನ ಮಟೈರ ಅನ್ನೋ ಇನ್ನೊಬ್ಬ ಹೆಂಗಸು. ಇಬ್ಬರದೂ ಪೂರ್ವ ಕರಾವಳಿಯ ಟೊಕೊಮಾರು ಬೇ ಅನ್ನೋ ಊರು. ಕಡ್ಡಿಗಳು ಮೊದಲು ಮಕ್ಕಳಿಗೆ ಲೆಕ್ಕ ಕಲಿಸೋಕೆ ಇದ್ದವು. ಕೇಲೆಬ್ ಗಟ್ಟೆನ್ಯೊ ಅನ್ನುವವರು ಅದನ್ನು ಭಾಷೆ ಕಲಿಸೋಕೆ ಬಳಸಿದರು. ಈ ಇಬ್ಬರು 1970ರ ದಶಕದ ಕೊನೆಯಲ್ಲಿ ಅದನ್ನು ಮಾವೋರಿಗೆ ಒಗ್ಗಿಸಿ, ಟೆ ಅಟಾರಙಿ ಅಂತ ಹೆಸರಿಟ್ಟರು. ಕಲಿಸುವವರು ಡಿಗ್ರಿ ಮಾಡಿದ ಮೇಷ್ಟ್ರೇ ಆಗಬೇಕಾಗಿರಲಿಲ್ಲ. ಭಾಷೆ ಬಲ್ಲ ಅಜ್ಜ ಅಜ್ಜಿಯರನ್ನೇ ತಯಾರು ಮಾಡಿದರು.

ಅಜ್ಜ ಅಜ್ಜಿಯರೇ ಯಾಕೆ ಅಂದರೆ, ನಡುವಿನ ತಲೆಮಾರಿಗೆ ಭಾಷೆಯೇ ಇರಲಿಲ್ಲ. ಶಾಲೆಯಲ್ಲಿ ಮಾವೋರಿ ಮಾತಾಡಿದ್ದಕ್ಕೆ ಬೆತ್ತದ ಏಟು ತಿಂದ ಎಷ್ಟೋ ಜನ, ಮಕ್ಕಳಿಗೆ ಈ ಪಾಡು ಬೇಡ ಅಂತ ಮನೆಯಲ್ಲಿ ಇಂಗ್ಲಿಷನ್ನೇ ಆಡಿದರು. 1972ರ ಸೆಪ್ಟೆಂಬರ್ 14ರಂದು 30,000ಕ್ಕೂ ಹೆಚ್ಚು ಸಹಿಗಳ ಮನವಿ ಪಾರ್ಲಿಮೆಂಟಿಗೆ ಹೋಯಿತು, ಶಾಲೆಯಲ್ಲಿ ಮಾವೋರಿ ಕಲಿಸಿ ಅಂತ. ಹತ್ತು ವರ್ಷಕ್ಕೆ, 1982ರಲ್ಲಿ, ವೈನುಯಿಯೊಮಾಟದಲ್ಲಿ ಮೊದಲ ಕೋಹಙ ರೆಯೊ ಶುರುವಾಯಿತು. ನಮ್ಮ ಮನೆಯಿಂದ ಒಂದು ಗುಡ್ಡ ದಾಟಿದರೆ ಆ ಊರು. ಕೋಹಙ ಅಂದರೆ ಗೂಡು, ರೆಯೊ ಅಂದರೆ ಭಾಷೆ. ಅಜ್ಜಿಯರು ಕೂಸುಗಳ ಜೊತೆ ಇಡೀ ದಿನ ಮಾವೋರಿಯಲ್ಲೇ ಇರುತ್ತಾರೆ.

ಆದರೆ ಗೂಡಿನಿಂದ ಇಂಗ್ಲಿಷ್ ಶಾಲೆಗೆ ಹೋದ ಮಕ್ಕಳ ಬಾಯಿಂದ ಮಾತು ಬೇಗನೇ ಜಾರಿಹೋಗುತ್ತಿತ್ತು. ಹಾಗಾಗಿ 1985ರಲ್ಲಿ ಆಕ್ಲೆಂಡಿನ ಹೊಆನಿ ವೈಟಿಟಿ ಮರಾಯೆಯಲ್ಲಿ (ಮರಾಯೆ ಅಂದರೆ ಮಾವೋರಿಗಳು ಸೇರುವ ಜಾಗ) ಪೂರ್ತಿ ಮಾವೋರಿ ಮಾಧ್ಯಮದ ಶಾಲೆ ತೆರೆದರು. ಇಂಥ ಶಾಲೆಗಳು ಯಾವ ತತ್ವದ ಮೇಲೆ ನಡೆಯಬೇಕು ಅನ್ನುವ ಟೆ ಅಹೊ ಮಟುವ ಬರೆಯುವುದರಲ್ಲಿ ಕಾಟೆರಿನ ಮುಂದೆ ನಿಂತರು. ಈ ಶಾಲೆಗಳ ತಾಯಿ ಅಂತಲೇ ಅವರನ್ನು ಕರೆಯುತ್ತಾರೆ. ಅವರು ಕಲಿತು ಬಂದದ್ದು ಚಿತ್ರಕಲೆ, ಗೊತ್ತಾ? ಮಾವೋರಿಯಲ್ಲಿ ಮಕ್ಕಳ ಕಥೆಗಳನ್ನೂ ಬರೆದರು. ಓದೋಕೆ ಏನೂ ಇಲ್ಲದಿದ್ದರೆ ಅಕ್ಷರ ಕಲಿತು ಏನು ಮಾಡೋದು? 2011ರಲ್ಲಿ ಸರ್ಕಾರದ ದೊಡ್ಡ ಗೌರವವಾದ ಡೇಮ್ ಪದವಿ ಬಂತು, ಅದೇ ಜುಲೈನಲ್ಲಿ ತೀರಿಕೊಂಡರು. 78 ವರ್ಷ.

1987ರಲ್ಲಿ ಮಾವೋರಿ ಅಧಿಕೃತ ಭಾಷೆಯಾಯಿತು, ಆಫೀಸಿನ ಬೋರ್ಡುಗಳ ಮೇಲೂ ಬಂತು. ನನ್ನನ್ನು ಕೇಳಿದರೆ ಬೋರ್ಡಿಗಿಂತ ಕಡ್ಡಿ ಜಾಸ್ತಿ ಕೆಲಸ ಮಾಡಿದೆ.

ಪುಟ್ಟಿ ವಿಷಯ. ಕಿಂಡರ್‌ಗಾರ್ಟನ್ನಿಂದ ಮಾವೋರಿ ಹಾಡು ಕಲಿತು ಬರುತ್ತಾಳೆ, ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ತಪ್ಪು ನಂದೇ, ಡ್ಯೂಟಿ ಮುಗಿಸಿ ಬಂದಾಗ ಯಾವುದು ಸಲೀಸೋ ಅದರಲ್ಲಿ ಮಾತಾಡಿಬಿಡುತ್ತೇನೆ. ಮೊನ್ನೆ ಒಂದು ಡಬ್ಬ ಕಡ್ಡಿ ತಂದೆ. "ಕೆಂಪು ಕಡ್ಡಿ ಕೊಡು" ಅಂದೆ. ಹಸಿರು ಕೊಟ್ಟಳು. ನಾನು ಮಾತಾಡಲಿಲ್ಲ, ಕೈ ಚಾಚಿಕೊಂಡೇ ಇದ್ದೆ. ಡಬ್ಬ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಕೆಂಪು ಎತ್ತಿ, "ತಗೋ" ಅಂದಳು.

ಅದಕ್ಕೇ ಒಂದು ಮಾತು ಅಪ್ಪ, ಬೇಜಾರಾಗಬೇಡಿ. ಫೋನಿನಲ್ಲಿ ಮೊಮ್ಮಗಳಿಗೆ ಖುಷಿಯಾಗಲಿ ಅಂತ "ಹೌ ವಾಸ್ ಸ್ಕೂಲ್" ಅಂತೀರಲ್ಲ, ಅದನ್ನು ನಿಲ್ಲಿಸಿ. ಇಂಗ್ಲಿಷ್ ಮರೆತೇಹೋಯಿತು ಅನ್ನಿ. ಅವಳು ಸುಮ್ಮನಾದರೆ ನೀವೂ ಸುಮ್ಮನಿರಿ, ಫೋನ್ ಮಾತ್ರ ಅಮ್ಮನ ಕೈಗೆ ಕೊಡಬೇಡಿ. ಭಾನುವಾರ ನಿಮ್ಮ ಬೆಳಗಿನ ಕಾಫಿ ಹೊತ್ತಿಗೆ ಕೂರಿಸುತ್ತೇನೆ.

ಇಂತಿ ನಿಮ್ಮ ಮಗಳು,
ಸುಮಾ