ಜನ ಬರಬೇಕೆಂದರೆ ಮೊದಲು ಸುದ್ದಿ ಬರಲಿ

ಮಾನ್ಯ ಸಂಪಾದಕರೇ,

ಮಾಸ್ಟಡಾನ್‌ನಂಥ ಓಪನ್ ಸೋರ್ಸ್ ಜಾಲತಾಣಗಳಿಗೆ ಬನ್ನಿ ಎಂದು ಕರೆಯುವವರು ಬೆಂಗಳೂರಿನಲ್ಲಿ ಬೇಕಾದಷ್ಟಿದ್ದಾರೆ. ನಾನೂ ಅವರಲ್ಲೊಬ್ಬ. ಮಾಸ್ಟಡಾನ್ ಅಂದರೆ ಟ್ವಿಟರ್‌ನಂಥದ್ದೇ, ಆದರೆ ಒಂದೇ ಕಂಪನಿಯದಲ್ಲ; ಅದರ ತಂತ್ರಾಂಶ ಎಲ್ಲರಿಗೂ ಮುಕ್ತ, ಬೇರೆಬೇರೆಯವರು ನಡೆಸುವ ಸರ್ವರ್‌ಗಳು ಸೇರಿ ಒಂದು ಜಾಲ. ಆದರೆ ನಾವು ಕರೆಯುವ ರೀತಿಗೆ ಯಾರಾದರೂ ಬಂದರೆ ಅದೇ ಆಶ್ಚರ್ಯ. ಅಕೌಂಟ್ ಮಾಡೋದು ಹೇಗೆ ಅಂತ ಕೇಳಿದವರಿಗೆ ಸರ್ವರ್ ಅಂದರೇನು, ಪ್ರೊಟೊಕಾಲ್ ಅಂದರೇನು ಅಂತ ಪಾಠ ಶುರು ಮಾಡುತ್ತೇವೆ. ಇಮೇಲ್ ತೆರೆಯುವವರಿಗೆ ಯಾರಾದರೂ ಹೀಗೆ ತಲೆ ತಿನ್ನುತ್ತಾರಾ? 'ಸದ್ಯಕ್ಕೆ ಈ ಸರ್ವರ್‌ಗೆ ಸೇರಿ, ಹಿಡಿಸದಿದ್ದರೆ ಫಾಲೋವರ್‌ಗಳ ಸಮೇತ ಬೇರೆ ಕಡೆ ಹೋಗಬಹುದು' ಅಂದರೆ ಸಾಕು. ಹಳೆ ಪೋಸ್ಟುಗಳು ಜೊತೆಗೆ ಬರುವುದಿಲ್ಲ, ಅದನ್ನೂ ಹೇಳಿಬಿಡೋಣ.

ಜನ ಬಂದೇ ಇಲ್ಲ ಅಂತಲ್ಲ. 2019ರಲ್ಲಿ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆ ಅಮಾನತಾದಾಗ ಭಾರತದಿಂದ ಬಹಳ ಮಂದಿ ಮಾಸ್ಟಡಾನ್‌ಗೆ ಬಂದರು. 2022ರಲ್ಲಿ ಇಲಾನ್ ಮಸ್ಕ್ ಟ್ವಿಟರ್ (ಈಗಿನ ಎಕ್ಸ್) ಕೊಂಡಾಗ ಜಗತ್ತಿನೆಲ್ಲೆಡೆಯಿಂದ ಇನ್ನೂ ಜಾಸ್ತಿ ಬಂದರು. ಸಿಟ್ಟಿಗೆ ಬಂದವರು ಸಿಟ್ಟಿಳಿದ ಮೇಲೆ ವಾಪಸ್ ಹೋದರು. ಉಳಿಯಲು ಅಲ್ಲಿ ನಮ್ಮವರಿಗೆ ಏನಿತ್ತು ಹೇಳಿ?

ಬೆಂಗಳೂರಿನವರಿಗೆ ದಿನಾ ಬೇಕಾಗುವುದು ಸಣ್ಣ ಸಣ್ಣ ವಿಷಯ. ನೇರಳೆ ಮಾರ್ಗದಲ್ಲಿ ರೈಲು ಯಾಕೆ ನಿಂತಿದೆ? ನಾಳೆ ಕಾವೇರಿ ನೀರು ಬರುತ್ತಾ? ಮಳೆಗೆ ಯಾವ ಅಂಡರ್‌ಪಾಸ್ ಮುಚ್ಚಿದ್ದಾರೆ? ನಮ್ಮ ಮೆಟ್ರೊ, ಜಲಮಂಡಳಿ, ಸಂಚಾರ ಪೊಲೀಸರು ಇದನ್ನೆಲ್ಲ ಎಕ್ಸ್‌ನಲ್ಲಿ ಹಾಕುತ್ತಾರೆ. ಅಲ್ಲಿ ಅಕೌಂಟ್ ಇಲ್ಲದವರಿಗೆ ಹೊಸ ಪೋಸ್ಟುಗಳು ಸರಿಯಾಗಿ ಕಾಣುವುದಿಲ್ಲ, ಲಾಗಿನ್ ಆಗಿ ಅನ್ನುತ್ತದೆ. ತೆರಿಗೆ ಕಟ್ಟುವವರಿಗೆ ತಿಳಿಸಬೇಕಾದ ಮಾತನ್ನು ಖಾಸಗಿ ಕಂಪನಿಯ ಬಾಗಿಲೊಳಗೆ ಹೇಳುವುದು ಯಾವ ನ್ಯಾಯ? ಮಾಸ್ಟಡಾನ್‌ನ ಸಾರ್ವಜನಿಕ ಪೋಸ್ಟನ್ನು ಸಾಮಾನ್ಯವಾಗಿ ಅಕೌಂಟ್ ಇಲ್ಲದೆಯೂ ಓದಬಹುದು. ಇತ್ತೀಚಿನದು ಮೊದಲು ಕಾಣುತ್ತದೆ, ಮಧ್ಯೆ ಜಾಹೀರಾತಿನ ಕಾಟವಿಲ್ಲ.

ಜರ್ಮನಿ ಮತ್ತು ನೆದರ್ಲೆಂಡ್ಸ್ ಸರ್ಕಾರಗಳು ತಮ್ಮದೇ ಮಾಸ್ಟಡಾನ್ ಸರ್ವರ್ ನಡೆಸುತ್ತಿವೆ. ವಿಳಾಸದಲ್ಲೇ ಸರ್ಕಾರದ ಡೊಮೇನ್ ಇರುವುದರಿಂದ ನಕಲಿ ಖಾತೆ ಯಾವುದು ಅಂತ ಥಟ್ಟನೆ ಗೊತ್ತಾಗುತ್ತದೆ. ಐಟಿ ರಾಜಧಾನಿ ಎಂದು ಹೇಳಿಕೊಳ್ಳುವ ನಮಗೆ ಇದೇನು ಕಷ್ಟದ ಕೆಲಸವಲ್ಲ, ಅಲ್ವಾ?

ಟ್ವಿಟರ್‌ನಂಥದ್ದೇ, ನಮ್ಮೂರಿನದೇ ಆದ ಕೂ ಆ್ಯಪ್ ನೆನಪಿರಬಹುದು. 2020ರಲ್ಲಿ ಶುರುವಾಗಿ ಕನ್ನಡದಲ್ಲಿ ಬರೆಯಲು ಒಳ್ಳೆಯ ಜಾಗ ಕೊಟ್ಟಿತ್ತು. ಸರ್ಕಾರಿ ಇಲಾಖೆಗಳೂ ಅಲ್ಲಿಗೆ ಬಂದಿದ್ದವು. 2024ರಲ್ಲಿ ಕಂಪನಿ ಬಾಗಿಲು ಹಾಕಿತು, ಬರೆಯುತ್ತಿದ್ದವರು ಚದುರಿಹೋದರು. ಓಪನ್ ಸೋರ್ಸ್‌ನಲ್ಲೂ ಸರ್ವರ್‌ಗಳು ಮುಚ್ಚುತ್ತವೆ, ಸುಳ್ಳು ಹೇಳಬಾರದು. ಆದರೆ ಒಂದು ಮುಚ್ಚಿದರೆ ಇಡೀ ಜಾಲ ಮುಚ್ಚುವುದಿಲ್ಲ.

ಎಕ್ಸ್ ಬಿಡಿ ಅಂತ ನಾನು ಯಾರಿಗೂ ಹೇಳುತ್ತಿಲ್ಲ. ಇಲಾಖೆಗಳು ಅಲ್ಲಿ ಹಾಕಿದ್ದನ್ನೇ ಮಾಸ್ಟಡಾನ್‌ನಲ್ಲೂ ಹಾಕಲಿ. ಸಂಚಾರ ಪೊಲೀಸರಿಂದಲೇ ಶುರುವಾದರೆ ಒಳ್ಳೆಯದು, ಅವರ ಮಾಹಿತಿ ನೋಡದೆ ಸಂಜೆ ಹೊತ್ತು ಹೊರಗೆ ಕಾಲಿಡುವವರು ಕಡಿಮೆ. ತಮ್ಮ ಪತ್ರಿಕೆಯೂ ದಿನದ ಸುದ್ದಿಯ ಲಿಂಕುಗಳನ್ನು ಮಾಸ್ಟಡಾನ್‌ನಲ್ಲಿ ಹಂಚಲಿ ಎಂದು ಕೋರುತ್ತೇನೆ.

ಇಂತಿ,
ತಮ್ಮ ಓದುಗ
ಬನಶಂಕರಿ, ಬೆಂಗಳೂರು