ಗುಳಿಗೆ ಪೊಟ್ಟಣದ ಮೇಲೆ ಹೆಸರೇಕಿಲ್ಲ?

ಮಾನ್ಯ ಸಂಪಾದಕರೇ,

ಮಳೆಗಾಲ ಬಂತೆಂದರೆ ತಾಲ್ಲೂಕು ಕೇಂದ್ರಗಳ ಖಾಸಗಿ ಕ್ಲಿನಿಕ್‌ಗಳ ಮುಂದೆ ಸಂಜೆಯಾಗುತ್ತಲೇ ಜ್ವರದವರ ಸಾಲು. ಒಳಗೆ ಹೋದವರು ಎರಡು ಮೂರು ನಿಮಿಷದಲ್ಲಿ ಹೊರಗೆ. ಅಷ್ಟರಲ್ಲಿ ಸೊಂಟಕ್ಕೊಂದು ಇಂಜೆಕ್ಷನ್ ಬಿದ್ದಿರುತ್ತದೆ, ಕೈಯಲ್ಲಿ ಕಾಗದದ ಪೊಟ್ಟಣ ಇರುತ್ತದೆ, ಜೇಬಿನಿಂದ ದುಡ್ಡು ಹೋಗಿರುತ್ತದೆ. ಚೀಟಿ ಇಲ್ಲ, ರಸೀದಿ ಇಲ್ಲ. ಖಾಸಗಿ ಚಿಕಿತ್ಸೆಯಲ್ಲಿ ರೋಗಿಗೆ ಆಗುವ ಎಷ್ಟೋ ತೊಂದರೆಗೆ, ಆಮೇಲೆ ಅದಕ್ಕೆ ಪರಿಹಾರವೇ ಸಿಗದೆ ಹೋಗುವುದಕ್ಕೆ, ಈ ಕಾಗದ ಇಲ್ಲದಿರುವುದೂ ಒಂದು ಕಾರಣ.

ಆ ಪೊಟ್ಟಣ ಬಿಚ್ಚಿ ನೋಡಿ. ಕತ್ತರಿಯಿಂದ ಎರಡೆರಡಾಗಿ ತುಂಡು ಮಾಡಿದ ಸ್ಟ್ರಿಪ್‌ಗಳು. ಒಂದು ತುಂಡಿನ ಹಿಂದೆ ಔಷಧದ ಹೆಸರಿನ ಕೊನೆಯ ಮೂರಕ್ಷರ, ಇನ್ನೊಂದರ ಹಿಂದೆ ‘325 ಮಿ.ಗ್ರಾಂ’ ಅಂತ ಅರ್ಧ ಸಾಲು. ಬ್ಯಾಚ್ ನಂಬರು, ಎಕ್ಸ್‌ಪೈರಿ ತಾರೀಕು ಅಚ್ಚಾಗುವುದು ಸ್ಟ್ರಿಪ್‌ನ ಒಂದು ಅಂಚಿನಲ್ಲಿ. ಆ ಅಂಚು ಕ್ಲಿನಿಕ್‌ನಲ್ಲೇ ಉಳಿದಿರುತ್ತದೆ. ಜತೆಗೆ ಡಬ್ಬಿಯಿಂದ ಎಣಿಸಿ ಹಾಕಿದ ನಾಲ್ಕು ಹಳದಿ ಗುಳಿಗೆ, ಅವಕ್ಕಂತೂ ಗುರುತೇ ಇಲ್ಲ. ಪೊಟ್ಟಣದ ಮೇಲೆ ಪೆನ್ನಿನಲ್ಲಿ ‘1–0–1’ ಎಂದಷ್ಟೇ ಬರೆದಿರುತ್ತದೆ.

ಮೂರನೆಯ ದಿನವೂ ಜ್ವರ ಇಳಿಯದೆ ಜಿಲ್ಲಾಸ್ಪತ್ರೆಗೆ ಹೋದರೆ ಅಲ್ಲಿನ ವೈದ್ಯರು ಮೊದಲು ಕೇಳುವುದೇ ‘ಏನು ಕೊಟ್ಟಿದ್ದರು?’ ಎಂದು. ‘ಒಂದು ಬಿಳಿ, ಒಂದು ಹಳದಿ, ಒಂದು ಸೂಜಿ’ ಎಂಬ ಉತ್ತರದಿಂದ ಅವರಿಗೆ ಏನೂ ಗೊತ್ತಾಗುವುದಿಲ್ಲ. ಆ ಸೂಜಿ ಡೈಕ್ಲೋಫೆನಾಕ್ ಎಂಬ ನೋವುನಿವಾರಕ ಆಗಿದ್ದು, ಜ್ವರ ಡೆಂಗ್ಯೂ ಆಗಿದ್ದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಡೆಂಗ್ಯೂ ಶಂಕೆ ಇದ್ದಾಗ ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವುನಿವಾರಕ ಕೊಡಬಾರದು ಎಂಬುದು ಇದಕ್ಕೇ. ಡೆಕ್ಸಾಮೆಥಸೋನ್‌ನಂಥ ಸ್ಟೀರಾಯ್ಡ್ ಆಗಿದ್ದರೆ ಒಂದು ದಿನ ಜ್ವರ ಬಿಟ್ಟಂತಾಗಿ ಮತ್ತೆ ಬರುತ್ತದೆ, ಸಕ್ಕರೆ ಕಾಯಿಲೆಯವರಿಗೆ ಶುಗರ್ ಏರುತ್ತದೆ. ಆ್ಯಂಟಿಬಯೋಟಿಕ್ ಬಿದ್ದಿದ್ದರೆ ಆಮೇಲೆ ಬ್ಲಡ್ ಕಲ್ಚರ್ (ರಕ್ತದಲ್ಲಿರುವ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಿದರೂ ರೋಗಾಣು ಸಿಗುವ ಸಾಧ್ಯತೆ ಕಡಿಮೆ. ಅನೇಕ ನೋವಿನ ಗುಳಿಗೆಗಳಲ್ಲಿ 325 ಮಿ.ಗ್ರಾಂ ಪ್ಯಾರಾಸಿಟಮಾಲ್ ಬೆರೆತೇ ಇರುತ್ತದೆ. ಇದು ಗೊತ್ತಿಲ್ಲದ ರೋಗಿ ಮನೆಯಲ್ಲಿದ್ದ 650 ಮಿ.ಗ್ರಾಂ ಪ್ಯಾರಾಸಿಟಮಾಲ್ ಗುಳಿಗೆಯನ್ನೂ ದಿನಕ್ಕೆ ನಾಲ್ಕೈದು ನುಂಗುತ್ತಾನೆ. ವಯಸ್ಕರಿಗೆ ದಿನವೊಂದಕ್ಕೆ 4 ಗ್ರಾಂ ಮಿತಿ. ಅದನ್ನು ಮೀರಿದರೆ ಪೆಟ್ಟು ಬೀಳುವುದು ಯಕೃತ್ತಿಗೆ.

ಮಕ್ಕಳ ವಿಚಾರ ಇನ್ನೂ ಸೂಕ್ಷ್ಮ. ಜ್ವರದ ಸಿರಪ್‌ನಲ್ಲಿ 5 ಮಿ.ಲೀ.ಗೆ 125 ಮಿ.ಗ್ರಾಂ ಪ್ಯಾರಾಸಿಟಮಾಲ್ ಇರುವುದೂ ಇದೆ, 250 ಇರುವುದೂ ಇದೆ. ಹತ್ತು ಕಿಲೋ ತೂಕದ ಮಗುವಿಗೆ ಒಂದು ಸಲಕ್ಕೆ ಬೇಕಾದದ್ದು 100ರಿಂದ 150 ಮಿ.ಗ್ರಾಂ. ‘ಒಂದು ಮುಚ್ಚಳ ಕುಡಿಸಿ’ ಎಂದು ಬಾಯಿಮಾತಿನಲ್ಲಿ ಹೇಳಿ ಕಳಿಸಿದರೆ ಬಾಟಲಿ ಬದಲಾದ ದಿನ ಮಗುವಿನ ಹೊಟ್ಟೆಗೆ ದುಪ್ಪಟ್ಟು ಹೋಗುತ್ತದೆ. ಮಗುವನ್ನು ತೂಕ ಮಾಡದೆ ಔಷಧ ಕೊಡುವ ಕ್ಲಿನಿಕ್‌ನಲ್ಲಿ ‘ಮೊದಲು ತೂಕ ನೋಡಿ’ ಎಂದು ತಾಯಂದಿರೇ ಹೇಳಬೇಕು. ಇದರಲ್ಲಿ ಸಂಕೋಚ ಬೇಡ.

ಇನ್ನು ಪರೀಕ್ಷೆ. ಜ್ವರ ಬಂದ ಎರಡನೇ ದಿನವೇ ಪಕ್ಕದ ಲ್ಯಾಬ್‌ನಲ್ಲಿ ವಿಡಾಲ್ ಎಂಬ ರಕ್ತಪರೀಕ್ಷೆ ಮಾಡಿಸಿ ‘ಟೈಫಾಯಿಡ್ ಇದೆ, ಐದು ದಿನ ಡ್ರಿಪ್ ಹಾಕಿಸಿಕೊಳ್ಳಿ’ ಎನ್ನುವುದು ಎಷ್ಟೋ ಕಡೆ ರೂಢಿಯಾಗಿದೆ. ಒಂದೇ ವಿಡಾಲ್‌ನಿಂದ ಟೈಫಾಯಿಡ್ ಖಚಿತವಾಗುವುದಿಲ್ಲ. ಹಿಂದೆ ಬಂದುಹೋದ ಸೋಂಕಿನಿಂದಲೋ ಲಸಿಕೆಯಿಂದಲೋ ಅದು ಪಾಸಿಟಿವ್ ಬರಬಹುದು. ಮೊದಲ ವಾರದಲ್ಲಿ ನಂಬಬೇಕಾದದ್ದು ಬ್ಲಡ್ ಕಲ್ಚರ್. ಅದಕ್ಕೆ ರಕ್ತ ತೆಗೆಯಬೇಕಾದದ್ದು ಆ್ಯಂಟಿಬಯೋಟಿಕ್ ಶುರು ಮಾಡುವ ಮೊದಲು. ಡೆಂಗ್ಯೂಗೆ ಮೊದಲ ಐದು ದಿನ ಎನ್ಎಸ್1 ಎಂಬ ರಕ್ತಪರೀಕ್ಷೆ, ಆಮೇಲೆ ಐಜಿಎಂ ಎಂಬುದು. ಎಲೈಸಾ ಎಂಬ ಲ್ಯಾಬ್ ವಿಧಾನದ ಈ ಎರಡು ಪರೀಕ್ಷೆಗಳಿಗೆ ರಾಜ್ಯ ಸರ್ಕಾರ 2024ರಲ್ಲಿ ತಲಾ 300 ರೂಪಾಯಿ ದರ ಗೊತ್ತು ಮಾಡಿದೆ. ಹೆಚ್ಚು ಕೇಳಿದರೆ ಬಿಲ್ ಕೇಳಿ. ರಿಪೋರ್ಟ್ ರೋಗಿಯದು. ಅದನ್ನು ಕ್ಲಿನಿಕ್‌ನ ಮೇಜಿನ ಮೇಲೆ ಬಿಟ್ಟು ಬರಬಾರದು.

ಕ್ಲಿನಿಕ್‌ನಲ್ಲೇ ಗುಳಿಗೆ ಕೊಡುವುದು ಅಪರಾಧವೇ ಎಂದು ಹಲವರು ಕೇಳುತ್ತಾರೆ. ಅಲ್ಲ. ನೋಂದಾಯಿತ ವೈದ್ಯರು ತಮ್ಮದೇ ರೋಗಿಗೆ ಔಷಧ ಕೊಡಲು 1945ರ ಔಷಧ ನಿಯಮಗಳ ಶೆಡ್ಯೂಲ್ ‘ಕೆ’ ಅವಕಾಶ ಕೊಟ್ಟಿದೆ. ಅಂಗಡಿಯಂತೆ ಮಾರುವಂತಿಲ್ಲ, ಅಷ್ಟೆ. ಆದರೆ ಆ್ಯಂಟಿಬಯೋಟಿಕ್, ಸ್ಟೀರಾಯ್ಡ್‌ನಂಥ ಶೆಡ್ಯೂಲ್ ‘ಎಚ್’ ಔಷಧ (ವೈದ್ಯರ ಚೀಟಿ ಇದ್ದರಷ್ಟೇ ಮಾರಬಹುದಾದದ್ದು) ಕೊಟ್ಟಾಗ ಪೊಟ್ಟಣದ ಮೇಲೆ ವೈದ್ಯರ ಹೆಸರು, ವಿಳಾಸ, ಸೇವಿಸುವ ಪ್ರಮಾಣ ಇರಬೇಕು. ಏನು ಕೊಟ್ಟೆವು, ಯಾರಿಗೆ, ಯಾವ ದಿನ ಎಂಬುದು ರಿಜಿಸ್ಟರ್‌ನಲ್ಲಿ ದಾಖಲಾಗಬೇಕು ಎಂದೂ ಅದೇ ನಿಯಮ ಹೇಳುತ್ತದೆ. ಅವಕಾಶವನ್ನು ಬಳಸಿಕೊಂಡು ಷರತ್ತನ್ನು ಬಿಟ್ಟುಬಿಡುವುದು ಯಾವ ನ್ಯಾಯ?

ವೈದ್ಯರ ಕಷ್ಟವೂ ಇದೆ. ಸಂಜೆಗೆ ಐವತ್ತು ಅರವತ್ತು ಜನ ಬರುತ್ತಾರೆ. ಸೂಜಿ ಚುಚ್ಚದಿದ್ದರೆ ‘ಡಾಕ್ಟರು ಏನೂ ಕೊಡಲಿಲ್ಲ’ ಎಂದು ಗೊಣಗುವ ರೋಗಿಗಳೂ ಕಡಿಮೆಯಿಲ್ಲ. ಫೀಸಿನಲ್ಲೇ ಗುಳಿಗೆ ಸೇರಿದರೆ ಕೂಲಿಯವರಿಗೆ ನಾಲ್ಕು ಕಾಸು ಉಳಿಯುತ್ತದೆ ಎಂಬುದೂ ನಿಜ. ಅದನ್ನು ನಿಲ್ಲಿಸಿ ಎಂದು ಯಾರೂ ಕೇಳುತ್ತಿಲ್ಲ. ಮೂರು ಔಷಧದ ಹೆಸರು, ಪ್ರಮಾಣ, ತಾರೀಕು, ಒಂದು ಸಹಿ ಬರೆಯಲು ಅರ್ಧ ನಿಮಿಷ ಸಾಕು.

ರೋಗಿಗಳು ಮಾಡಬಹುದಾದದ್ದೂ ಇದೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯ ಪ್ರಕಾರ ನೋಂದಣಿ ಸಂಖ್ಯೆ ಇರುವ ಫಲಕ ಕ್ಲಿನಿಕ್ ಮುಂದೆ ಇರಬೇಕು. ಅಲೋಪತಿಗೆ ನೀಲಿ, ಆಯುರ್ವೇದಕ್ಕೆ ಹಸಿರು. ಒಳಗೆ ದರಪಟ್ಟಿ ಹಾಕಿರಬೇಕು. ಹಸಿರು ಫಲಕದ ಕೆಳಗೆ ಅಲೋಪತಿ ಇಂಜೆಕ್ಷನ್ ಕೊಡುತ್ತಿದ್ದರೆ ಅಲ್ಲೇ ಅನುಮಾನ ಬರಬೇಕು. ಸಿರಿಂಜ್‌ನ ಕವರ್ ನಿಮ್ಮ ಕಣ್ಣೆದುರೇ ಒಡೆಯಬೇಕು. ಔಷಧ ಎಳೆದ ಸಣ್ಣ ಬಾಟಲಿಯನ್ನು ಕೇಳಿ ಪಡೆದು ಹೆಸರು, ಬ್ಯಾಚ್, ಎಕ್ಸ್‌ಪೈರಿ ಕಾಣುವಂತೆ ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ. ಗುಳಿಗೆ ಕತ್ತರಿಸುವ ಮೊದಲೇ ಸ್ಟ್ರಿಪ್‌ನ ಫೋಟೊ ಕೂಡ. ರಸೀದಿ ಕೊಡದಿದ್ದರೆ ನಗದು ಬೇಡ, ಯುಪಿಐನಲ್ಲೇ ಕೊಡಿ. ದಿನಾಂಕ, ಮೊತ್ತ ಎರಡಕ್ಕೂ ಗುರುತು ಉಳಿಯುತ್ತದೆ.

ಈ ಗುರುತು ಯಾಕೆ ಮುಖ್ಯ ಎಂದರೆ, ಹಣ ಕೊಟ್ಟು ಪಡೆದ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಹಣ ಕೊಟ್ಟದ್ದನ್ನು ತೋರಿಸಬೇಕಾದವರು ರೋಗಿಯೇ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬೇಕು. ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಚಿಕಿತ್ಸೆಯ ದಾಖಲೆ ಬೇಕೆಂದು ಬರಹದಲ್ಲಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು 2002ರ ವೈದ್ಯಕೀಯ ನೀತಿ ನಿಯಮಗಳಲ್ಲಿದೆ. ಕ್ಲಿನಿಕ್ ಮೇಲಿನ ದೂರು ಹೋಗಬೇಕಾದದ್ದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕೆಪಿಎಂಇ ಪ್ರಾಧಿಕಾರಕ್ಕೆ. ಅರ್ಜಿಯನ್ನು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ವೈದ್ಯರ ನಡವಳಿಕೆ ಕುರಿತ ದೂರು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ.

ತಪಾಸಣೆಗೆ ಬರುವ ಆರೋಗ್ಯ ಇಲಾಖೆಯ ಅಧಿಕಾರಿಗಳಲ್ಲಿ ಒಂದು ವಿನಂತಿ. ಗೋಡೆಗೆ ತೂಗುಹಾಕಿದ ಪ್ರಮಾಣಪತ್ರವನ್ನಷ್ಟೇ ನೋಡಿ ಹೋಗಬೇಡಿ. ಹೊರಗೆ ಬಸ್ಸಿಗೆ ಕಾಯುತ್ತಿರುವ ರೋಗಿಯ ಕೈಯಲ್ಲಿರುವ ಪೊಟ್ಟಣವನ್ನು ಬಿಡಿಸಿ ನೋಡಿ, ಅದರ ಮೇಲೆ ಹೆಸರಿಲ್ಲದಿದ್ದರೆ ಆಗಲೇ ಒಳಗೆ ಹೋಗಿ ಔಷಧದ ರಿಜಿಸ್ಟರ್ ಕೇಳಿ.

– ನಿವೃತ್ತ ಫಾರ್ಮಸಿಸ್ಟರೊಬ್ಬರು, ಹಾಸನ ಜಿಲ್ಲೆ